ಸತ್ಯವತಿಯ ನಾಲಿಗೆ ತಿದ್ದಿದ್ದು

ರಾಜಾಜಿನಗರದಲ್ಲಿ ಆಗ ಅವರಿಗೆ ‘ಯಾಯಮ್ಮಗಳು’ ಅಂತ ಹೆಸರು. ಹೆಸರಿಟ್ಟವರು ಯಾರೋ ಗೊತ್ತಿಲ್ಲ. ನವರಂಗ್ ಬಸ್‌ಸ್ಟಾಪಿನ ಪಕ್ಕದ ಪೆಟ್ಟಿಗೆ ಅಂಗಡಿಗೆ ಒರಗಿಕೊಂಡು ನಿಲ್ಲುತ್ತಿದ್ದ ಪಡ್ಡೆ ಹುಡುಗರೇ ಇರಬೇಕು, ಅವರಿಗೆ ಬೇರೆ ಕೆಲಸವಿರಲಿಲ್ಲ. ಕಾನ್ವೆಂಟಿನಲ್ಲಿ ಓದಿ ಕಾಲೇಜು ಸೇರಿದವಳು, ಎರಡು ಜಡೆ ಬಿಚ್ಚಿ ಒಂದೇ ಕುದುರೆಬಾಲ ಕಟ್ಟಿದವಳು, ಮಾತಿಗೊಂದು ‘ಯಾ’ ಸೇರಿಸುವವಳು ಯಾಯಮ್ಮ. ಅವಳಿಗೆ ಬಿಸಿಲು ‘ಹಾರಿಬಲ್’, ಹಿಸ್ಟರಿ ಲೆಕ್ಚರರ್ ‘ಡೆಡ್ ಬೋರು’, ಗೆಳತಿಯ ಹೊಸ ಚಪ್ಪಲಿ ‘ಫೆಂಟಾಸ್ಟಿಕ್’. ನಾಯಿಮರಿ ಕಂಡರೂ ‘ಸತ್ತೇ ಹೋದೆ ಯಾ’, ಬಸ್ಸು ತಪ್ಪಿದರೂ ‘ಸತ್ತೇ ಹೋದೆ ಯಾ’. ದಿನಕ್ಕೆ ಇಷ್ಟು ಸಲ ಸತ್ತರೂ ಸಂಜೆ ಮನೆಗೆ ಬಂದು ದೊಡ್ಡ ಲೋಟದ ತುಂಬ ಹಾರ್ಲಿಕ್ಸ್ ಕುಡಿಯುತ್ತಿದ್ದಳು.

ಹಿರಿಯರಿಗೂ ಈ ಹೆಸರು ಹಿಡಿಸಿಬಿಟ್ಟಿತು. ರಾಮಮಂದಿರದ ಕಟ್ಟೆಯ ಮೇಲೆ ಕೂತವರು, ಇಂಥ ಹುಡುಗಿಯರು ಸಂಸಾರ ಮಾಡಿದ ಹಾಗೇ ಇದೆ, ಸಾರಿಗೆ ಉಪ್ಪು ಹಾಕೋದನ್ನೂ ಇಂಗ್ಲಿಷಿನಲ್ಲಿ ಹೇಳಿಕೊಡಬೇಕು ಎಂದು ನಗುತ್ತಿದ್ದರು. ಆ ಹುಡುಗಿಯರು ಏನು ಓದುತ್ತಾರೆ, ತಲೆಯೊಳಗೆ ಏನಿದೆ ಎಂದು ಯಾರೂ ಕೇಳಿದ್ದಿಲ್ಲ. ಪೆಟ್ಟಿಗೆ ಅಂಗಡಿಯ ಹುಡುಗರು ಮಾತಿಗೆ ಮುಂಚೆ ‘ಗುರು’, ಮಾತಾದ ಮೇಲೆ ‘ಗುರು’ ಎನ್ನುತ್ತಿದ್ದರು. ಅವರಿಗೊಂದು ಅಡ್ಡಹೆಸರಿಡುವ ಉಸಾಬರಿಗೆ ಮಾತ್ರ ಯಾರೂ ಹೋಗಲಿಲ್ಲ. ಹುಡುಗಿಯರ ಬಾಯಿ ಎಂದರೆ ಊರಿಗೆಲ್ಲ ಸದರ.

ತುಂಗಾಗೆ ಯಾಯಮ್ಮ ಆಗಬೇಕಿತ್ತು.

ಇದನ್ನು ಅವಳು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವುದಕ್ಕೆ ನಾಚಿಕೆ. ಅವಳ ತಂದೆ ಜಗನ್ನಾಥರಾಯರು ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರು. ಮನೆಯಲ್ಲಿ ಗಟ್ಟಿಯಾಗಿ ಮಾತಾಡಿದರೆ ಅವರಿಗೆ ಆಗದು. ತುಮಕೂರು ಕಡೆಯಿಂದ ಬಂದ ಆ ಸಂಸಾರದಲ್ಲಿ ಎಲ್ಲರದೂ ಅಚ್ಚುಕಟ್ಟಾದ ಕನ್ನಡ, ಮಾತೂ ಕಡಿಮೆ. ತುಂಗಾ ಕನ್ನಡ ಶಾಲೆಯಲ್ಲೇ ಓದಿ, ಪಿ.ಯು.ಸಿ. ಮುಗಿಸಿ, ಬಿ.ಎ. ಮೊದಲ ವರ್ಷಕ್ಕೆ ಸೇರಿದ್ದಳು. ಅವಳ ಜಡೆ ಎಣ್ಣೆ ಹಾಕಿ ಬಿಗಿದ ಜಡೆ, ಉಡುಪು ಲಂಗ-ದಾವಣಿ. ರಾಮನವಮಿಯ ಕಾರ್ಯಕ್ರಮದಲ್ಲಿ ಸ್ವಾಗತ ಭಾಷಣ ಯಾರು ಮಾಡಬೇಕು ಎಂದಾಗ ಎಲ್ಲರೂ ತೋರಿಸುತ್ತಿದ್ದುದು ಅವಳನ್ನೇ. ಅಷ್ಟು ಸ್ಪಷ್ಟ ಮಾತು. ಆ ಸ್ಪಷ್ಟತೆಯನ್ನು ಯಾರಿಗಾದರೂ ಕೊಟ್ಟು ಒಂದೇ ಒಂದು ಒಳ್ಳೆಯ ‘ಯಾ’ ತೆಗೆದುಕೊಳ್ಳಲು ಅವಳು ತಯಾರಿದ್ದಳು.

ನಿಜ ಹೇಳಬೇಕೆಂದರೆ ಅವಳಿಗೆ ಬೇಕಾಗಿದ್ದು ಆ ಮಾತಲ್ಲ, ಆ ಮಾತಾಡುವ ಸತ್ಯವತಿ. ಯಾಯಮ್ಮಗಳಿಗೆಲ್ಲ ನಾಯಕಿ ಈ ಸತ್ಯವತಿ. ಬ್ಯಾಂಕಿನಲ್ಲಿ ಆಫೀಸರಾಗಿದ್ದ ಚಕ್ರಪಾಣಿಯವರ ಒಬ್ಬಳೇ ಮಗಳು, ತುಂಗಾಳದೇ ಕ್ಲಾಸು. ಅವಳು ಮಾತಾಡಿದರೆ ಸುತ್ತ ಇದ್ದವರು ತಮ್ಮ ಮಾತು ನಿಲ್ಲಿಸುತ್ತಿದ್ದರು. ಕಣ್ಣು, ಕೈ, ಹುಬ್ಬು ಎಲ್ಲವೂ ಜೊತೆಗೆ ಮಾತಾಡುತ್ತಿದ್ದವು. ಕಂಡಕ್ಟರಿಗೆ ಚಿಲ್ಲರೆ ಕೊಡುವಾಗಲೂ ಅವನು ನಗುವ ಹಾಗೆ ಏನೋ ಒಂದು ಹೇಳಿಯೇ ಕೊಡುತ್ತಿದ್ದಳು. ಅವಳ ಪಕ್ಕ ಕೂತು, ಅವಳು ತನ್ನ ಕಡೆ ತಿರುಗಿ ‘ಲಿಸನ್ ಯಾ’ ಎಂದು ಗುಟ್ಟು ಹೇಳಬೇಕು. ತುಂಗಾಳ ಆಸೆ ಇಷ್ಟೇ. ಇಷ್ಟಕ್ಕಾಗಿ ಆ ಹುಡುಗಿ ಒಂದು ವರ್ಷ ಒದ್ದಾಡಿದಳು.

ಬಸ್ಸು ಹೊರಡುವ ಜಾಗ ತುಂಗಾಳ ಮನೆಗೆ ಹತ್ತಿರ. ಸತ್ಯವತಿ, ಅವಳ ಗೆಳತಿ ಸೀತಾ, ಇನ್ನೊಬ್ಬಳು ಹತ್ತುತ್ತಿದ್ದುದು ನವರಂಗ್‌ನಲ್ಲಿ. ಅಷ್ಟು ಹೊತ್ತಿಗೆ ಬಿ.ಟಿ.ಎಸ್. ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಒಂದು ದಿನ ತುಂಗಾ ಧೈರ್ಯ ಮಾಡಿ ಡ್ರೈವರ್ ಹಿಂದಿನ ಉದ್ದ ಸೀಟಿನ ಮೇಲೆ ತನ್ನ ಪುಸ್ತಕ, ಕರ್ಚೀಫು, ಟಿಫಿನ್ ಡಬ್ಬಿ ಸಾಲಾಗಿ ಇಟ್ಟು ಮೂವರಿಗೂ ಜಾಗ ಹಿಡಿದಳು. ಹತ್ತಿದವರೆಲ್ಲ ಬೈದರು. ‘ಬರ್ತಾರೆ ಆಂಟಿ, ಮುಂದಿನ ಸ್ಟಾಪಲ್ಲಿ ಬರ್ತಾರೆ’ ಎಂದು ಕೈ ಮುಗಿಯುತ್ತ ಕಾವಲು ನಿಂತಿದ್ದಳು. ಸತ್ಯವತಿ ಹತ್ತಿದವಳೇ ಸೀಟು ನೋಡಿ ‘ಯೂ ಆರ್ ಎನ್ ಏಂಜಲ್ ಯಾ’ ಎಂದಳು. ಆವತ್ತು ತುಂಗಾ ಏನು ಪಾಠ ಕೇಳಿದಳೋ ಅವಳಿಗೇ ಗೊತ್ತಿಲ್ಲ.

ಅಲ್ಲಿಂದ ಮುಂದೆ ದಿನವೂ ಅದೇ ಆಯಿತು. ಮೂವರೂ ಕೂರುವರು, ತುಂಗಾ ಅವರೆದುರು ಕಂಬ ಹಿಡಿದು ನಿಲ್ಲುವಳು. ಒಮ್ಮೊಮ್ಮೆ ಹಿಂದೆ ಸೀಟು ಖಾಲಿಯಾಗುತ್ತಿತ್ತು. ಹೋಗಿ ಕೂತರೆ ಇವರ ಮಾತು ಕೇಳಿಸದು, ಅದಕ್ಕೇ ನಿಂತಿರುತ್ತಿದ್ದಳು. ಅವರು ನಕ್ಕರೆ ತಾನೂ ನಗುವಳು, ಒಂದು ಕ್ಷಣ ತಡವಾಗಿ. ಮಜೆಸ್ಟಿಕ್ ಬಂದಾಗ ಅವರು ಇಳಿದು ಮುಂದೆ ನಡೆಯುವರು, ಇವಳು ಟಿಫಿನ್ ಡಬ್ಬಿ ಹುಡುಕಿಕೊಂಡು ಹಿಂದೆ ಉಳಿಯುವಳು. ಅವರಾರೂ ಕೆಟ್ಟವರಲ್ಲ. ಹಿಂದೆ ಒಬ್ಬಳಿದ್ದಾಳೆ ಎಂಬುದು ಅವರ ತಲೆಗೇ ಬರುತ್ತಿರಲಿಲ್ಲ, ಅಷ್ಟೆ. ಕೆಟ್ಟವರಾಗಿದ್ದರೆ ತುಂಗಾ ಎಂದೋ ಬೈದುಕೊಂಡು ಬಿಟ್ಟುಬಿಡುತ್ತಿದ್ದಳು.

ಮನೆಯಲ್ಲಿ ಬಚ್ಚಲಿನ ಬಾಗಿಲು ಹಾಕಿಕೊಂಡು ‘ಯಾ’ ಅಭ್ಯಾಸ ಮಾಡುವಳು. ಗಟ್ಟಿಯಾಗಿ ಹೇಳಿದರೆ ಕಾಗೆ ಓಡಿಸಿದಂತಿರುತ್ತಿತ್ತು, ಮೆತ್ತಗೆ ಹೇಳಿದರೆ ನರಳಿದಂತೆ. ಹಲ್ಲುನೋವೇನೇ ಎಂದು ತಾಯಿ ಹೊರಗಿನಿಂದ ಕೇಳಿ ಲವಂಗದ ಎಣ್ಣೆ ತಂದಿಟ್ಟರು.

ಹೀಗಿರುವಾಗ ಒಂದು ಶುಕ್ರವಾರ ಸತ್ಯವತಿಯ ತಾಯಿ ವಿಮಲಮ್ಮ ತುಂಗಾಳ ಮನೆಗೇ ಬಂದರು. ರಾಮಮಂದಿರದಲ್ಲಿ ನೋಡಿ ಗುರುತು, ಅಷ್ಟು ಬಿಟ್ಟರೆ ಬಂದು ಹೋಗುವ ಬಳಕೆ ಇರಲಿಲ್ಲ. ಕುಂಕುಮ ತೆಗೆದುಕೊಂಡು, ಕಾಫಿ ಕುಡಿದು, ಸುತ್ತಿ ಬಳಸಿ ಕೊನೆಗೆ ವಿಷಯಕ್ಕೆ ಬಂದರು. ಸತ್ಯವತಿಗೆ ಮೈಸೂರಿನಿಂದ ಒಂದು ಸಂಬಂಧ ಬಂದಿದೆ. ಅಗ್ರಹಾರದ ಮನೆತನ, ಹುಡುಗನ ಅಜ್ಜ ದೊಡ್ಡ ವೈದಿಕರು, ಮಡಿ ಮೈಲಿಗೆ ಎಲ್ಲ ಗಟ್ಟಿ. ಹುಡುಗ ಶ್ರೀಕಂಠ ದಿಲ್ಲಿಯಲ್ಲಿ ಸರ್ಕಾರಿ ಕೆಲಸದಲ್ಲಿದ್ದಾನೆ, ಆದರೆ ಅವನೆಲ್ಲಿದ್ದರೇನು, ಒಪ್ಪುವುದು ಬಿಡುವುದು ಅವನ ಸೋದರತ್ತೆ ಅಂಬುಜಮ್ಮನ ಕೈಯಲ್ಲಿದೆ. ತಾಯಿಯಿಲ್ಲದ ಹುಡುಗನನ್ನು ಸಾಕಿದವರು ಅವರೇ. ಎರಡು ವಾರ ಕಳೆದು ಭಾನುವಾರ ಹೆಣ್ಣು ನೋಡಲು ಬರುತ್ತಾರೆ.

“ನಮ್ಮ ಹುಡುಗಿ ಬಾಯಿ ಬಿಟ್ಟರೆ ಆಯ್ತು, ಕೆಲಸ ಕೆಡ್ತು,” ಎಂದರು ವಿಮಲಮ್ಮ. “ಆ ಯಾ ಅನ್ನೋದನ್ನ ಒಂದು ಬಿಡಿಸಿಬಿಡಮ್ಮ ತುಂಗಾ. ನಿನ್ನ ಹಾಗೆ ಮಾತಾಡೋದು ಹೇಳ್ಕೊಡು. ಸಂಜೆ ಹೊತ್ತು ಬಂದು ಹೋಗು, ನಿನ್ನ ಜೊತೆ ಇದ್ದರೆ ಅವಳ ನಾಲಿಗೆ ತಾನೇ ತಿದ್ದಿಕೊಳ್ಳುತ್ತೆ.”

ತುಂಗಾಳ ತಾಯಿಗೆ ಹೆಮ್ಮೆ ತಡೆಯಲಾಗಲಿಲ್ಲ. ಆಗಲೇ ಒಪ್ಪಿಬಿಟ್ಟರು. ತುಂಗಾ ಮನಸ್ಸಿನಲ್ಲೇ ಎಣಿಸಿಕೊಂಡಳು. ಸತ್ಯವತಿಯ ಮನೆ, ಸತ್ಯವತಿಯ ಕೋಣೆ, ದಿನವೂ ಸಂಜೆ. ಅದನ್ನು ಕೇಳಿ ಆದ ಸಂತೋಷದಲ್ಲಿ, ತಾನು ಹೋಗುತ್ತಿರುವುದು ಅವಳನ್ನು ದಿಲ್ಲಿಗೆ ಕಳಿಸುವ ಕೆಲಸಕ್ಕೆ ಎಂಬುದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಹೊಳೆದಾಗ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

ಮಾರನೆಯ ಸಂಜೆ ಸತ್ಯವತಿ ಅವಳನ್ನು ಕೋಣೆಗೆ ಎಳೆದುಕೊಂಡು ಬಾಗಿಲು ಹಾಕಿ, ಮಂಚದ ಮೇಲೆ ಕೂರಿಸಿ, ಎದುರಿಗೆ ನಿಂತಳು.

“ಲಿಸನ್ ಯಾ. ಅವರು ಮೈಸೂರು ಅಗ್ರಹಾರ. ನಾನು ಸುಮ್ನೆ ನನ್ನ ಹಾಗೇ ಮಾತಾಡಿದ್ರೆ ಸಾಕು, ಕಾಫಿ ಕೂಡ ಕುಡೀದೆ ಓಡಿ ಹೋಗ್ತಾರೆ. ನಂಗೆ ಓದ್ಬೇಕು, ಬಿ.ಎ. ಮುಗಿಸ್ಬೇಕು. ನೀನು ಏನೂ ಹೇಳ್ಕೊಡ್ಬೇಡ. ಹೇಳ್ಕೊಟ್ಟ ಹಾಗೆ ಮಾಡು. ಮಾಡ್ತೀಯಾ, ಪ್ಲೀಸ್?”

ಮಾಡುವುದೇ! ತುಂಗಾಗೆ ದೇವರೇ ಎದುರು ಬಂದು ನಿಂತು ವರ ಕೇಳಿಕೋ ಎಂದಂತಾಯಿತು. ಸತ್ಯವತಿ ಹೋಗುವುದಿಲ್ಲ, ಮೇಲಾಗಿ ಅವಳ ಗುಟ್ಟಿನಲ್ಲಿ ತನಗೊಂದು ಪಾಲು. ಸೀತಾಗೂ ಗೊತ್ತಿಲ್ಲದ ಗುಟ್ಟು.

ಆದರೆ ವಿಮಲಮ್ಮ ಅಷ್ಟು ಸುಲಭಕ್ಕೆ ಬಿಡುವವರಲ್ಲ. ಆಗಾಗ ಬಂದು ಬಾಗಿಲಿಗೆ ಕಿವಿ ಕೊಟ್ಟು ನಿಲ್ಲುತ್ತಿದ್ದರು, ಕೆಳಗಿನ ಸಂದಿಯಲ್ಲಿ ನೆರಳು ಕಾಣುತ್ತಿತ್ತು. ಅದಕ್ಕೆ ತುಂಗಾಳೇ ಉಪಾಯ ಹೂಡಿದಳು. ‘ಊಟಕ್ಕೆ ಏಳಿ ಎಂದು ಹಿರಿಯರನ್ನು ಹೇಗೆ ಕರೆಯುತ್ತೀ?’ ಎಂದು ತಾನೇ ಗಟ್ಟಿಯಾಗಿ ಕೇಳುವಳು. ಆಮೇಲೆ ದನಿ ತಗ್ಗಿಸಿ, ಒಂದಿಷ್ಟು ಸತ್ಯವತಿಯ ರಾಗ ಸೇರಿಸಿ, ‘ಎಲೆ ಹಾಕಿದೆ, ದಯವಿಟ್ಟು ಏಳಬೇಕು’ ಎಂದು ತಾನೇ ಉತ್ತರ ಹೇಳುವಳು. ಸತ್ಯವತಿ ದಿಂಬಿನಲ್ಲಿ ಮುಖ ಹುದುಗಿಸಿ ನಗುವಳು. ಹೊರಗೆ ವಿಮಲಮ್ಮ ಗಂಡನಿಗೆ, ನೋಡಿ, ಮಗಳ ಕಂಠ ಎಷ್ಟು ಮೃದುವಾಗಿಬಿಟ್ಟಿದೆ ಎಂದು ಹೇಳಿದ್ದು ಒಳಗೆ ಕೇಳಿಸಿತು. ಹೆತ್ತ ತಾಯಿಗೆ ಮಗಳ ದನಿ ಗುರುತು ಸಿಗಲಿಲ್ಲವೆ ಎಂದು ಕೇಳಬೇಡಿ. ತಮಗೆ ಬೇಕಾದದ್ದು ಕೇಳಿಸುತ್ತಿರುವಾಗ ಯಾರೂ ಬಾಗಿಲು ತೆಗೆದು ನೋಡುವುದಿಲ್ಲ.

ನೆರಳು ಸರಿದ ಮೇಲೆ ನಿಜವಾದ ಪಾಠ ಶುರು. ಮೇಷ್ಟರು ಸತ್ಯವತಿ, ವಿದ್ಯಾರ್ಥಿ ತುಂಗಾ. ‘ಯಾ’ವನ್ನು ಒತ್ತಿ ಹೇಳಬಾರದು, ಮಾತಿನ ತುದಿಯಿಂದ ಅದು ತಾನೇ ಜಾರಬೇಕು. ಕುತ್ತಿಗೆ ಸ್ವಲ್ಪ ಓರೆಯಾಗಬೇಕು, ಕಣ್ಣು ಬೇರೆಲ್ಲೋ ಇರಬೇಕು. ತುಂಗಾ ಹೇಳಿದರೆ ಪ್ರತಿ ಸಲವೂ ಭಾಷಣ ಮುಗಿಸಿ ವಂದನೆ ಹೇಳಿದಂತಿರುತ್ತಿತ್ತು. ಸತ್ಯವತಿ ಹೊಟ್ಟೆ ಹಿಡಿದುಕೊಂಡು ನಗುವಳು. ಆ ನಗುವಿನಲ್ಲಿ ಅವಮಾನವಿರಲಿಲ್ಲ, ತುಂಗಾ ಬೇಕೆಂದೇ ಇನ್ನೂ ಕೆಟ್ಟದಾಗಿ ಹೇಳಿ ಮತ್ತೆ ನಗಿಸುವಳು. ಒಂದು ಸಂಜೆ ಸತ್ಯವತಿ ಅವಳ ಜಡೆ ಬಿಚ್ಚಿ ಎತ್ತರಕ್ಕೆ ಕುದುರೆಬಾಲ ಕಟ್ಟಿ ಕನ್ನಡಿಯ ಮುಂದೆ ನಿಲ್ಲಿಸಿದಳು. ಕನ್ನಡಿಯಲ್ಲಿ ಎರಡು ಮುಖ ಪಕ್ಕಪಕ್ಕದಲ್ಲಿದ್ದವು. “ನೀನು ಇಷ್ಟು ದಿನ ಎಲ್ಲಿದ್ದೆ ಯಾ?” ಎಂದಳು ಸತ್ಯವತಿ.

ನಿನ್ನ ಎದುರಿಗೇ ಇದ್ದೆ, ಕಂಬ ಹಿಡಿದುಕೊಂಡು. ತುಂಗಾ ಹಾಗೆ ಹೇಳಲಿಲ್ಲ. ಸುಮ್ಮನೆ ಕನ್ನಡಿಯನ್ನೇ ನೋಡುತ್ತ ನಿಂತಳು. ಅಂಥ ಸಂತೋಷ ಅವಳಿಗೆ ಹೊಸದು, ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮನೆಗೆ ಹೋಗುವಾಗ ದಾರಿಯಲ್ಲಿ ಜಡೆ ಹಾಕಿಕೊಳ್ಳಬೇಕಿತ್ತು. ಮೂಲೆ ತಿರುಗುವವರೆಗೂ ಹಾಕಿಕೊಳ್ಳಲಿಲ್ಲ.

ಆ ವಾರ ಬಸ್ಸಿನಲ್ಲೂ ಸತ್ಯವತಿ ಸರಿದು ಕೂತು ಅವಳಿಗೆ ಜಾಗ ಮಾಡಿಕೊಟ್ಟಳು. ಸೀತಾ ಹುಬ್ಬೇರಿಸಿದಳು, ತುಂಗಾ ಗಮನಿಸಲೇ ಇಲ್ಲ. ಮುಂದಿನ ವರ್ಷ ಇಬ್ಬರೂ ಇಂಗ್ಲಿಷ್ ಮೇಜರ್ ತೆಗೆದುಕೊಳ್ಳುವುದು, ಆಮೇಲೆ ಎಂ.ಎ. ಮಾಡಿ ಒಂದೇ ಕಾಲೇಜಿನಲ್ಲಿ ಪಾಠ ಹೇಳುವುದು ಎಂದೆಲ್ಲ ಆಗಲೇ ತೀರ್ಮಾನವಾಗಿತ್ತು. ಇವೆಲ್ಲದಕ್ಕೂ ಒಂದೇ ಅಡ್ಡಿ, ಆ ಭಾನುವಾರ. ಅದೊಂದು ಕಳೆದು, ಮೈಸೂರಿನವರು ಮುಖ ಸಿಂಡರಿಸಿಕೊಂಡು ಎದ್ದು ಹೋದರೆ ಸಾಕು. ಹೋಗಲಪ್ಪ ದೇವರೇ, ಒಂದು ಬೋಂಡವನ್ನೂ ಮುಟ್ಟದೆ ಹೋಗಲಿ ಎಂದು ತುಂಗಾ ರಾಮಮಂದಿರದಲ್ಲಿ ಪ್ರದಕ್ಷಿಣೆ ಹಾಕಿದಳು. ಇನ್ನೊಬ್ಬಳ ಮದುವೆ ತಪ್ಪಲಿ ಎಂದು ಪ್ರದಕ್ಷಿಣೆ ಹಾಕಿದವರು ಆ ಗುಡಿಯಲ್ಲಿ ಬೇರೆ ಇದ್ದರೋ ಇಲ್ಲವೋ ತಿಳಿಯದು.

ಭಾನುವಾರ ಬಂತು. ವಿಮಲಮ್ಮ ತುಂಗಾಳನ್ನೂ ಮನೆಯಲ್ಲಿ ಇರಿಸಿಕೊಂಡಿದ್ದರು, ಕೈಯಾಸರೆಗೂ ಆಯಿತು, ಮಗಳಿಗೆ ಧೈರ್ಯಕ್ಕೂ ಆಯಿತು ಎಂದು. ಅಡುಗೆಮನೆಯಲ್ಲಿ ಕೇಸರಿಬಾತು ಬೋಂಡ ಸಿದ್ಧವಾಗಿದ್ದವು. ಬಂದವರು ಮೂವರು: ಹುಡುಗ ಶ್ರೀಕಂಠ, ಅವನ ತಂದೆ, ಸೋದರತ್ತೆ ಅಂಬುಜಮ್ಮ. ಅಂಬುಜಮ್ಮ ಕೆಂಪು ಅಂಚಿನ ಕಚ್ಚೆ ಸೀರೆ ಉಟ್ಟು, ಮೂಗಿನ ಎರಡೂ ಕಡೆ ಮೂಗುಬೊಟ್ಟು ಇಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತರು. ಅವರನ್ನು ಬಾಗಿಲ ಸಂದಿಯಿಂದ ನೋಡಿ ತುಂಗಾಳ ಮನಸ್ಸು ಹಗುರವಾಯಿತು. ಈ ಮುದುಕಮ್ಮ ಒಂದು ‘ಯಾ’ವನ್ನೂ ತಡೆದುಕೊಳ್ಳುವವರಲ್ಲ.

ಸತ್ಯವತಿ ಹಸಿರು ರೇಷ್ಮೆ ಸೀರೆಯುಟ್ಟು ಕಾಫಿಯ ತಟ್ಟೆ ಹಿಡಿದು ಹೋದಳು. ನಮಸ್ಕಾರ ಮಾಡಿದಳು. ಏನು ಓದ್ತಾ ಇದೀಯಮ್ಮ ಎಂದು ಹುಡುಗನ ತಂದೆ ಕೇಳಿದ್ದೇ ತಡ, ಕಟ್ಟೆ ಒಡೆದಂತಾಯಿತು. ಬಿ.ಎ. ಓದ್ತಾ ಇದೀನಿ ಅಂಕಲ್, ಸಬ್ಜೆಕ್ಟ್ಸ್ ಎಲ್ಲ ಫೆಂಟಾಸ್ಟಿಕ್, ಹಿಸ್ಟರಿ ಮಾತ್ರ ಡೆಡ್ ಬೋರು ಯಾ, ಒಂದ್ ದಿನ ಕ್ಲಾಸಲ್ಲೇ ಸತ್ತೇ ಹೋಗಿದ್ದೆ. ಹುಡುಗನ ತಂದೆಗೇ ‘ಯಾ’! ಅಡುಗೆಮನೆಯಲ್ಲಿ ವಿಮಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ತುಂಗಾಳ ಮುಖ ನೋಡಿದರು. ಎರಡು ವಾರ ಅಷ್ಟು ಮೃದುವಾಗಿ ಎಲೆ ಹಾಕಿ ಏಳಿ ಎಂದ ಮಗಳು ಎಲ್ಲಿ ಹೋದಳು ಎಂದು ಆ ಕಣ್ಣು ಕೇಳುತ್ತಿತ್ತು. ತುಂಗಾ ತಲೆ ತಗ್ಗಿಸಿದಳು. ಅವರನ್ನು ನೋಡಿ ಪಾಪ ಎನಿಸಿತು, ಆದರೂ ಒಳಗೊಳಗೇ ಖುಷಿಯನ್ನು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಹಾಲಿನಲ್ಲಿ ಅಂಬುಜಮ್ಮ ಕೈ ತೊಳೆಯಬೇಕು ಎಂದು ಎದ್ದರು. ತುಂಗಾ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ನೀರು ಹಾಕಿದಳು. ಕೈ ತೊಳೆಯುವುದು ನೆಪ. ಹೆಣ್ಣು ನೋಡಲು ಬಂದ ಹೆಂಗಸರು ಹುಡುಗಿಯ ಗೆಳತಿಯನ್ನೋ ಅಕ್ಕಪಕ್ಕದವರನ್ನೋ ಹೀಗೆ ಒಂಟಿಯಾಗಿ ಹಿಡಿದು ವಿಚಾರಿಸುವುದು ಆ ಕಾಲದ ಪದ್ಧತಿ. ಅಪ್ಪ ಅಮ್ಮ ಹೇಳುವುದು ಒಂದು, ಹಿತ್ತಲಲ್ಲಿ ಸಿಗುವುದು ಇನ್ನೊಂದು ಎಂಬುದು ಅಂಬುಜಮ್ಮನಂಥವರಿಗೆ ಗೊತ್ತಿರದೆ ಇರುತ್ತದೆಯೆ?

ನೀನು ಅವಳ ಸ್ನೇಹಿತೆಯಾ ಎಂದು ಕೇಳಿದರು. ಹೌದು ಎಂದಳು ತುಂಗಾ. ಆ ಮಾತನ್ನು ಅವಳು ಜೀವನದಲ್ಲಿ ಮೊದಲ ಸಲ ಹೇಳುತ್ತಿದ್ದಳು. “ಇವತ್ತು ಏನೋ ಗಾಬರೀಲಿ ಹೀಗೆ ಮಾತಾಡ್ತಾಳೋ, ಇಲ್ಲಾ ದಿನಾ ಹೀಗೇನಾ? ಇದ್ದದ್ದು ಇದ್ದ ಹಾಗೆ ಹೇಳು ಮಗು.”

ಇದೇ ಸಮಯ ಎಂದುಕೊಂಡಳು ತುಂಗಾ. ಅನುಮಾನವಿದ್ದರೆ ಅನುಮಾನ ತೀರಬೇಕು, ಇವರು ಮತ್ತೆ ಈ ಕಡೆ ತಲೆ ಹಾಕಬಾರದು. ತನ್ನ ಸ್ವಚ್ಛವಾದ, ರಾಮನವಮಿಯ ಕನ್ನಡದಲ್ಲಿ ಹೇಳತೊಡಗಿದಳು.

“ದಿನಾ ಹೀಗೇ. ಅಡುಗೆಮನೆ ಯಾವ ದಿಕ್ಕಿಗಿದೆ ಅಂತ ಅವಳಿಗೆ ಗೊತ್ತಿಲ್ಲ. ನಿದ್ದೆಯಲ್ಲೂ ಇಂಗ್ಲಿಷೇ ಮಾತಾಡ್ತಾಳೆ. ಒಂದು ನಿಮಿಷ ಸುಮ್ಮನಿರೋಕೆ ಬರೋದಿಲ್ಲ. ಬಸ್ಸು ಹತ್ತಿದರೆ ಇಳಿಯೋ ಹೊತ್ತಿಗೆ ಗುರುತಿಲ್ಲದವರನ್ನೆಲ್ಲ ಮಾತಾಡಿಸಿರ್ತಾಳೆ. ಕಂಡಕ್ಟರ್ ಹತ್ತಿರಾನೂ ಮಾತು, ಹೂವಿನವಳ ಹತ್ತಿರಾನೂ ಮಾತು. ಅವಳು ಬಂದರೆ ಎಲ್ಲರೂ ಅವಳ ಕಡೆಗೇ ತಿರುಗ್ತಾರೆ. ಅಳ್ತಾ ಇರೋರನ್ನೂ ನಗಿಸಿಬಿಡ್ತಾಳೆ. ಅವಳನ್ನ ಎಲ್ಲಿ ಬಿಟ್ಟರೂ ಮಾತಾಡಿಕೊಂಡು ಇರ್ತಾಳೆ.”

“ಎಲ್ಲಿ ಬಿಟ್ಟರೂ?” ಎಂದರು ಅಂಬುಜಮ್ಮ.

“ಎಲ್ಲಿ ಬಿಟ್ಟರೂ,” ಎಂದಳು ತುಂಗಾ.

ಅಂಬುಜಮ್ಮ ಅವಳನ್ನು ಸ್ವಲ್ಪ ಹೊತ್ತು ನೋಡಿದರು. ಬೈಯಲು ಹೊರಟ ಹುಡುಗಿಯ ಮುಖ ಯಾಕೆ ಹೀಗೆ ಅರಳಿದೆ ಎಂದು ಅವರಿಗೆ ಅನ್ನಿಸಿರಬೇಕು. ತುಂಗಾಗೆ ತನ್ನ ಮುಖ ತನಗೆ ಕಾಣುತ್ತಿರಲಿಲ್ಲ. ದೂರು ಹೇಳುತ್ತಿದ್ದೇನೆ ಎಂದೇ ಅವಳು ತಿಳಿದಿದ್ದಳು. ಅಂಬುಜಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು, ಅವಳ ಕೆನ್ನೆ ಸವರಿ ಒಳಗೆ ಹೋದರು.

ಹಾಲಿನಲ್ಲಿ ಅವರು ಕೂತುಕೊಳ್ಳುವ ಮೊದಲೇ ಮಾತಾಡಿದ್ದು ಅಡುಗೆಮನೆಗೆ ಸ್ಪಷ್ಟವಾಗಿ ಕೇಳಿಸಿತು. ಅವರು ದನಿ ತಗ್ಗಿಸುವ ಪೈಕಿಯವರಲ್ಲ. ದೊಡ್ಡ ಹುಡುಗನಿಗೆ, ಅಂದರೆ ಶ್ರೀಕಂಠನ ಅಣ್ಣನಿಗೆ, ಅಗ್ರಹಾರದ ಹುಡುಗಿಯನ್ನೇ ತಂದಿದ್ದರಂತೆ. ಕತ್ತು ಎತ್ತದ, ಕೇಳಿದ್ದಕ್ಕೆ ಹ್ಞೂಂ ಎನ್ನುವ ಹುಡುಗಿ, ಎಲ್ಲರೂ ಮೆಚ್ಚಿಕೊಂಡಿದ್ದರು. ಅವನ ಕೆಲಸವೂ ದಿಲ್ಲಿಯಲ್ಲೇ. ಅಲ್ಲಿ ಹೋದ ಮೇಲೆ ಅವಳಿಗೆ ಬಾಯಿ ಕಟ್ಟಿಹೋಯಿತು. ಹಿಂದಿ ಬರದು, ಇಂಗ್ಲಿಷ್ ಆಡಲು ಸಂಕೋಚ, ಗಂಡ ಆಫೀಸಿಗೆ ಹೋದರೆ ಸಂಜೆಯವರೆಗೆ ಒಂದು ಮಾತಿಗೆ ದಿಕ್ಕಿಲ್ಲ.

“ಗೋಡೆ ನೋಡ್ಕೊಂಡು ಕೂತು ಕೂತು ಆ ಮಗು ಕಾಯಿಲೆ ಬಿತ್ತು. ಈಗ ನನ್ನ ಹತ್ತಿರ ಮೈಸೂರಲ್ಲೇ ಇದೆ, ಅವನು ಅಲ್ಲಿದಾನೆ. ಅದನ್ನ ನೋಡ್ತಾ ನೋಡ್ತಾ ನಾನು ತೀರ್ಮಾನ ಮಾಡ್ದೆ, ಇವನಿಗೆ ಮಾತಾಡೋ ಹುಡುಗೀನೇ ತರ್ಬೇಕು ಅಂತ. ನೋಡಿದ ಕಡೆ ಎಲ್ಲ ಹುಡುಗೀರು ತಲೆ ಬಗ್ಗಿಸ್ಕೊಂಡು ಕೂತಿರ್ತಾರೆ, ತಾಯಂದಿರು ತಯಾರು ಮಾಡಿರ್ತಾರೆ. ಈ ಮನೇಲಿ ಮಾತ್ರ ಹುಡುಗೀನ ಅವಳಿದ್ದ ಹಾಗೇ ಬಿಟ್ಟಿದೀರಿ. ಅಡುಗೆ ನಾನು ಕಲಿಸ್ತೀನಿ. ಮಾತು ಯಾರಿಗೂ ಕಲಿಸೋಕಾಗಲ್ಲ.”

ವಿಮಲಮ್ಮ ಅಲ್ಲೇ ಅಕ್ಕಿ ಡಬ್ಬದ ಮೇಲೆ ಕುಸಿದು ಕೂತರು. ಆಮೇಲೆ ಎದ್ದು ತುಂಗಾಳ ಎರಡೂ ಕೈ ಹಿಡಿದು, ನೀನು ಹೇಳಿದ್ದಕ್ಕೇ ಆಯ್ತಮ್ಮ, ನಿನ್ನ ಋಣ ತೀರಿಸೋಕಾಗಲ್ಲ ಎಂದು ಕಣ್ಣೀರು ಹಾಕಿದರು. ತುಂಗಾ ಮರದ ಬೊಂಬೆಯ ಹಾಗೆ ನಿಂತಿದ್ದಳು. ಅವಳ ಕಿವಿ ಹಾಲಿನಲ್ಲಿತ್ತು. ಸತ್ಯವತಿ ಈಗ ಬೇಡ ಎನ್ನುತ್ತಾಳೆ. ನಂಗೆ ಓದ್ಬೇಕು ಎನ್ನುತ್ತಾಳೆ. ಅವಳಿಗೆ ಯಾರ ಭಯವಿದೆ?

ಸತ್ಯವತಿ ಏನೂ ಹೇಳಲಿಲ್ಲ. ಹೇಳಿದವನು ಶ್ರೀಕಂಠ, ಬಂದಾಗಿನಿಂದ ಬಾಯಿ ತೆರೆಯದೆ ಕೂತಿದ್ದವನು. ದಿಲ್ಲಿಯಲ್ಲಿ ಕಾಲೇಜು ಬೇಕಾದಷ್ಟಿವೆ, ಅಲ್ಲೇ ಬಿ.ಎ. ಮುಂದುವರಿಸಬಹುದು ಎಂದನು. ಮತ್ತೆ, ಹಿಸ್ಟರಿ ಅಷ್ಟೊಂದು ಬೋರಾಗಿದ್ದರೆ ದಿಲ್ಲಿಗೆ ಬಂದು ಬೀದಿಬೀದಿಯಲ್ಲಿ ಅದನ್ನೇ ನೋಡಬೇಕಾಗುತ್ತದೆ, ಅದೊಂದು ಯೋಚನೆ ಮಾಡಿ ಎಂದನು. ಸತ್ಯವತಿ ನಕ್ಕಳು.

ಆ ನಗು ತುಂಗಾಗೆ ಗೊತ್ತಿತ್ತು. ಬಸ್ಸಿನ ನಗು ಅಲ್ಲ ಅದು, ಕೋಣೆಯ ಬಾಗಿಲು ಹಾಕಿಕೊಂಡ ಮೇಲಿನ ನಗು, ದಿಂಬಿನಲ್ಲಿ ಮುಖ ಹುದುಗಿಸಿ ನಗುತ್ತಿದ್ದಳಲ್ಲ, ಅದು. ತನ್ನೊಬ್ಬಳಿಗೇ ಸಿಕ್ಕಿದ್ದು ಎಂದು ತಿಳಿದಿದ್ದಳು. ಊರೆಲ್ಲ ಯಾಯಮ್ಮ ಎಂದು ಆಡಿಕೊಂಡ ಆ ಮಾತನ್ನು, ಹೆತ್ತ ತಾಯಿಯೇ ತಿದ್ದಬೇಕೆಂದುಕೊಂಡ ಆ ಮಾತನ್ನು, ಇದೇ ಬೇಕು, ಹೀಗೇ ಬೇಕು ಎಂದು ಬಂದವನು ಕೇಳಿದ್ದ. ತುಂಗಾಗೂ ಬೇಕಾಗಿದ್ದುದು ಅದೇ. ಒಂದು ವರ್ಷ ನಿಂತುಕೊಂಡು ಕೇಳಿದವಳು ಅವಳು, ಅವನು ಬಂದು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಆದರೆ ಅವನಿಗೆ ಕರೆದುಕೊಂಡು ಹೋಗುವ ದಾರಿಯಿತ್ತು. ಇಷ್ಟಪಟ್ಟವರು ಯಾರಾದರೂ ಹೋಗಿ ಕೇಳಬಹುದು ಎನ್ನುವ ಪದ್ಧತಿ ಲೋಕದಲ್ಲಿದ್ದಿದ್ದರೆ ತುಂಗಾಳೇ ಎಂದೋ ತಾಂಬೂಲದ ತಟ್ಟೆ ಹಿಡಿದು ಅವಳ ಮನೆಗೆ ಬರುತ್ತಿದ್ದಳು. ಬೋಂಡದ ಬಾಣಲೆಯನ್ನು ಸುಮ್ಮನೆ ಆ ಒಲೆಯಿಂದ ಈ ಒಲೆಗೆ ಇಟ್ಟಳು.

ಇನ್ನೊಂದು ಸುತ್ತು ಕಾಫಿ ತರುತ್ತೇನೆ ಎಂದು ಸತ್ಯವತಿ ಒಳಗೆ ಬಂದಳು. ವಿಮಲಮ್ಮ ಹಾಲಿಗೆ ಹೋದರು, ಅಡುಗೆಮನೆಯಲ್ಲಿ ಇಬ್ಬರೇ ಉಳಿದರು. ಸತ್ಯವತಿಯ ಹಣೆಯಲ್ಲಿ ಬೆವರಿತ್ತು, ಕೆನ್ನೆ ಕೆಂಪಾಗಿತ್ತು. ತಟ್ಟೆ ಕೆಳಗಿಟ್ಟು ತುಂಗಾಳ ಮುಂಗೈ ಹಿಡಿದುಕೊಂಡಳು.

“ತುಂಗಾ, ನಂಗೆ ಅವರು ತುಂಬಾ ಹಿಡಿಸಿದ್ರು ಕಣೇ,” ಎಂದಳು. “ಹೀಗಾಗುತ್ತೆ ಅಂತ ಅಂದ್ಕೊಂಡೇ ಇರ್ಲಿಲ್ಲ. ಹೆದರಿಕೆ ಆಗ್ತಿದೆ. ಆದ್ರೂ ಹೋಗ್ಬೇಕು ಅನ್ನಿಸ್ತಿದೆ. ನಾನು ಏನು ಮಾಡ್ಲಿ ಹೇಳು.”

ಒಂದು ‘ಯಾ’ ಇಲ್ಲ. ಒಂದು ಇಂಗ್ಲಿಷ್ ಮಾತಿಲ್ಲ. ಯಾರೂ ಕಲಿಸದೆ, ಯಾರೂ ತಿದ್ದದೆ, ಅವಳ ಬಾಯಿಂದ ಕನ್ನಡ ಹಾಗೇ ಬಂದಿತ್ತು, ತುಂಗಾಳ ಮನೆಯಲ್ಲಿ ಆಡಿದಂಥ ಕನ್ನಡ. ಮನಸ್ಸಿನಲ್ಲಿದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಿದ್ದಳು, ಈಗ ಅಷ್ಟೇ ನೇರವಾದ ಉತ್ತರಕ್ಕೆ ಕಾಯುತ್ತ ಮುಖ ನೋಡುತ್ತಿದ್ದಳು. ತುಂಗಾ ಈ ಹೊತ್ತಿನಲ್ಲಿ ಬೇಡ ಎಂದಿದ್ದರೆ, ಒಂದು ಕ್ಷಣಕ್ಕಾದರೂ, ಅವಳು ಯೋಚಿಸುತ್ತಿದ್ದಳು.

ತುಂಗಾಳ ನಾಲಿಗೆಯ ತುದಿಯಲ್ಲಿ ಮಾತು ಪೂರ್ತಿಯಾಗಿ, ಒಂದಕ್ಷರವೂ ತಪ್ಪದೆ ಸಿದ್ಧವಾಗಿತ್ತು. ಹೋಗಬೇಡ ಸತ್ಯಾ, ನನಗೆ ನೀನು ಬೇಕು. ಅವಳಿಗೆ ಗೊತ್ತಿದ್ದ ಕನ್ನಡದಲ್ಲಿ ಬಾಯಿ ತೆರೆದರೆ ಈ ಮಾತು ಬಿಟ್ಟು ಇನ್ನೊಂದು ಬರುವಂತೆಯೇ ಇರಲಿಲ್ಲ. ಅವಳು ಗಂಟಲು ಸರಿಮಾಡಿಕೊಂಡಳು. ಕುತ್ತಿಗೆ ತಾನಾಗಿಯೇ ಸ್ವಲ್ಪ ಓರೆಯಾಯಿತು, ಕಣ್ಣು ಸತ್ಯವತಿಯನ್ನು ಬಿಟ್ಟು ಕಿಟಕಿಯ ಕಡೆ ಹೋಯಿತು.

“ಓ, ಹೌ ಸ್ವೀಟ್ ಯಾ,” ಎಂದಳು. “ಡೋಂಟ್ ಬಿ ಸಿಲ್ಲಿ. ಹೋಗ್ ಯಾ.”

ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಬೇರೆ ದಿನವಾಗಿದ್ದರೆ ಸತ್ಯವತಿ ಚಪ್ಪಾಳೆ ತಟ್ಟಿ ಕುಣಿಯುತ್ತಿದ್ದಳು. ಈಗ ಆ ‘ಯಾ’ ಅವಳ ಕಿವಿಗೆ ಬೀಳಲೇ ಇಲ್ಲ. ತುಂಗಾಳನ್ನು ಬಿಗಿಯಾಗಿ ತಬ್ಬಿಕೊಂಡಳು, ಬಿಟ್ಟಳು, ಸೀರೆಯ ನೆರಿಗೆ ಎತ್ತಿ ಹಿಡಿದು ಕಾಫಿಯನ್ನೂ ಮರೆತು ಹಾಲಿಗೆ ಓಡಿದಳು.